ಮೂರು ಕುಡ್ತೆಗಳ ಮಳೆ

ಸಾವಿರದ ಒಂಬೈನೂರ ಎಪ್ಪತ್ತೆಂಟನೇ ಇಸವಿಯ ಜಡಿಮಳೆಯ ಆಟಿ ತಿಂಗಳಲ್ಲಿ ಬಡಗುಕಡವಿನಲ್ಲಿ ದೋಣಿಯಲ್ಲಿ ಹೊಳೆ ದಾಟಲು ಹದಿನೈದು ಪೈಸೆ, ಒಂದು ಚಹಾಕ್ಕೆ ಇಪ್ಪತ್ತೈದು ಪೈಸೆ, ಒಳ್ಳೆಯ ಕೊಡೆಗೆ ಇಪ್ಪತ್ತೆರಡು ರೂಪಾಯಿ. ಮಳೆ ಮಾತ್ರ ಬಿಟ್ಟಿ. ಆ ಬಿಟ್ಟಿ ಮಳೆಯನ್ನು ಅಳೆಯಲು ಸರಕಾರ ತ್ಯಾಂಪಣ್ಣ ರೈಗಳಿಗೆ ತಿಂಗಳಿಗೆ ಹತ್ತು ರೂಪಾಯಿ ಕೊಡುತ್ತಿತ್ತು. ಅಳೆಯುವ ಗಾಜಿನ ಗ್ಲಾಸು ಒಡೆದರೆ ಹನ್ನೆರಡು ರೂಪಾಯಿ ಅವರಿಂದಲೇ ಹಿಡಿಯಲಾಗುವುದೆಂದು ಗ್ಲಾಸಿನ ಜೊತೆಗೆ ಬಂದ ಕಾಗದದಲ್ಲಿ ಬರೆದಿತ್ತು. ಹನ್ನೊಂದು ವರ್ಷ ಅದು ಒಡೆದಿರಲಿಲ್ಲ.

ಬಡಗುಕಡವು ಎಂದರೆ ಹೊಳೆಯ ಬಡಗು ದಡದ ಒಂದು ದೋಣಿಗಟ್ಟೆ, ಅದರ ಸುತ್ತ ಇಪ್ಪತ್ತು ಮನೆ, ನಾಲ್ಕು ಅಂಗಡಿ. ಒಂದು ಕಾಲದಲ್ಲಿ ಉಪ್ಪಿನ ದೋಣಿಗಳು ಇಲ್ಲಿಯ ತನಕ ಬರುತ್ತಿದ್ದುವಂತೆ. ಆ ಹೆಮ್ಮೆಗೆ ಈಗಿನ ಯಜಮಾನ ಸಮದನ ಅಪ್ಪ ತನ್ನ ಚಹಾದಂಗಡಿಗೆ ‘ಬಂದರು ಹೋಟೆಲ್’ ಎಂದು ಬೋರ್ಡು ಬರೆಸಿದ್ದ. ಈಗ ಬಂದರಿನಲ್ಲಿ ಉಳಿದದ್ದು ಕಿಟ್ಟಣ್ಣನ ಒಂದೇ ದೋಣಿ. ಕಡಬದಿಂದ ಬರುವ ಬಸ್ಸು ಆಚೆ ದಡದಲ್ಲಿ ನಿಂತು, ಹೊಳೆಯನ್ನು ಒಮ್ಮೆ ನೋಡಿ ತಿರುಗಿ ಹೋಗುತ್ತಿತ್ತು.

ಹೀಗೊಂದು ಊರು ಉಂಟೆಂದು ಲೋಕಕ್ಕೆ ಗೊತ್ತಾಗುತ್ತಿದ್ದದ್ದು ಪೇಪರಿನ ಮಳೆಯ ಕಾಲಮಿನಲ್ಲಿ ಮಾತ್ರ. ‘ಬಡಗುಕಡವು’ ಎಂದು ಅಚ್ಚಾಗಿ, ಅದರ ಮುಂದೆ ಒಂದು ಅಂಕೆ. ಘಟ್ಟದ ಬುಡದ ಗುಂಡ್ಯಕ್ಕಿಂತ ಅಂಕೆ ಹೆಚ್ಚಿದ್ದ ದಿನ ಬಂದರು ಹೋಟೆಲಿನಲ್ಲಿ ಗೋಳಿಬಜೆ ಬೇಗ ಖಾಲಿಯಾಗುತ್ತಿತ್ತು. ಕಮ್ಮಿಯಾದ ದಿನ ಜನ ರೈಗಳ ಮುಖವನ್ನು ಒಂದು ತರಹ ನೋಡುತ್ತಿದ್ದರು, ಮಳೆಯನ್ನು ಅವರೇ ಮನೆಯಲ್ಲಿ ಬಚ್ಚಿಟ್ಟಂತೆ.

ರೈಗಳದ್ದು ಪೋಸ್ಟ್ ಆಫೀಸು. ಅದು ಅವರ ಮನೆಯ ಜಗಲಿಯಲ್ಲಿತ್ತು. ಮಳೆಯ ಡಬ್ಬಿ ಅಂಗಳದಲ್ಲಿತ್ತು. ಬೆಳಿಗ್ಗೆ ಎಂಟೂವರೆಗೆ ಡಬ್ಬಿಯ ನೀರನ್ನು ಗ್ಲಾಸಿನಲ್ಲಿ ಅಳೆದು, ಕಾರ್ಡಿನಲ್ಲಿ ಬರೆದು, ಹನ್ನೆರಡು ಗಂಟೆಯ ಟಪ್ಪಾಲು ಚೀಲಕ್ಕೆ ಹಾಕಬೇಕು. ಜೂನ್ ತಿಂಗಳಲ್ಲಿ ಎರಡು ಕಾರ್ಡು ತಪ್ಪಿದ್ದುವು. ಒಂದನ್ನು ಅವರು ಹಾಕಲು ಮರೆತಿದ್ದರು. ಇನ್ನೊಂದು ಚೀಲದ ಸಮೇತ ಹೊಳೆಗೆ ಬಿದ್ದಿತ್ತು. ಮಳೆಯ ಆಫೀಸಿನಿಂದ ಕಾಗದ ಬಂತು: ಇನ್ನೊಮ್ಮೆ ತಪ್ಪಿದರೆ ಡಬ್ಬಿಯನ್ನು ಹೊಳೆಯಾಚೆಯ ಕೊಯಿಲಕ್ಕೆ ಸಾಗಿಸಲಾಗುವುದು, ನಮ್ಮ ಅಧಿಕಾರಿ ಯಾವ ದಿನ ಬೇಕಾದರೂ ತನಿಖೆಗೆ ಬರಬಹುದು.

ಆ ಕಾಗದ ಓದಿದಂದಿನಿಂದ ರೈಗಳು ಮಳೆಯನ್ನು ಮೊದಲಿಗಿಂತ ಹೆಚ್ಚು ಗೌರವದಿಂದ ಕಾಣುತ್ತಿದ್ದರು.

ಆ ಮಂಗಳವಾರ ರಾತ್ರಿಯಿಡೀ ಹೊಡೆದ ಮಳೆಗೆ ಡಬ್ಬಿಯೊಳಗಿನ ಬಾಟಲಿ ಮುಕ್ಕಾಲು ತುಂಬಿತ್ತು. ಇವತ್ತು ಗುಂಡ್ಯ ಮಣ್ಣು ಮುಕ್ಕುವುದು ಖಂಡಿತವೆಂದು ರೈಗಳು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಗ್ಲಾಸು ಹಿಡಿದು ಅಂಗಳಕ್ಕೆ ಇಳಿದರು. ಹಾವಸೆ ಕಟ್ಟಿದ ಅಂಗಳಕ್ಕೆ ಅಡಿಕೆ ಮರದ ಸಲಾಕೆ ಹಾಸಿದ್ದರಿಂದ ಅವರು ಜಾರಲಿಲ್ಲ. ಜಾರಿದ್ದು ಉಟ್ಟ ಮುಂಡು.

ಆಚೆ ದಡದಲ್ಲಿ ಹತ್ತಾರು ಜನ ಬಸ್ಸಿಗೆ ಕಾದು ನಿಂತಿದ್ದರು; ಅವರಿಗೆ ನೋಡಲು ಬೇರೇನೂ ಇರಲಿಲ್ಲ. ದೇವರು ಮನುಷ್ಯನಿಗೆ ಎರಡೇ ಕೈ ಕೊಟ್ಟಿದ್ದಾನೆ. ರೈಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಲೆಕ್ಕ ಹಾಕಿದರು. ಕೊಡೆ ಇಪ್ಪತ್ತೆರಡು ರೂಪಾಯಿ, ಗ್ಲಾಸು ಹನ್ನೆರಡು. ಗ್ಲಾಸು ಬಿಟ್ಟು ಮುಂಡು ಹಿಡಿದರು.

ಸದ್ದು ಕೇಳಿ ಹೆಂಡತಿ ಮೋಹಿನಿ ಹೊರಗೆ ಬಂದಳು.

“ಕೊಡೆ ಬಿಡ್ಲಿಕ್ಕೆ ಆಗ್ತಿರ್ಲಿಲ್ವಾ?”

“ಗ್ಲಾಸಿಗಿಂತ ಕೊಡೆಗೆ ಕ್ರಯ ಹೆಚ್ಚು.”

“ಹೌದು. ಆದ್ರೆ ಕೊಡೆ ಬಿದ್ದರೆ ಒಡೀತದಾ?”

ರೈಗಳು ಗ್ಲಾಸಿನ ಚೂರುಗಳನ್ನು ಅಂಗಳದ ಮೂಲೆಗೆ ಸರಿಸಿದರು. ಬಾಟಲಿಯ ನೀರನ್ನು ಹುಷಾರಾಗಿ ಒಂದು ಬಾಲ್ದಿಗೆ ಹೊಯ್ದು, ಬಾಲ್ದಿಯನ್ನು ಜಗಲಿಯ ಅಂಚಿನಲ್ಲಿಟ್ಟು, ಬಾಟಲಿಯನ್ನು ಮುಂದಿನ ಮಳೆಗಾಗಿ ಡಬ್ಬಿಯಲ್ಲಿ ಕೂರಿಸಿದರು. ನಿನ್ನೆಯ ಮಳೆ ಬಾಲ್ದಿಯಲ್ಲಿ ಭದ್ರವಾಗಿತ್ತು. ಅಳೆಯುವುದು ಮಾತ್ರ ಬಾಕಿ.

ಆಚೆ ದಡದ ಹೈಸ್ಕೂಲಿನಲ್ಲಿ ಗೆರೆ ಹಾಕಿದ ಗಾಜಿನ ಅಳತೆ ಇತ್ತು. ರೈಗಳು ದೋಣಿಗಟ್ಟೆಗೆ ಓಡಿದರು.

“ದೋಣಿ ಇಲ್ಲ ರೈಗಳೇ,” ಎಂದ ಕಿಟ್ಟಣ್ಣ. “ನೀರು ಮೂರನೇ ಮೆಟ್ಟಲಿಗೆ ಬಂದಿದೆ.”

ಮೂರನೇ ಮೆಟ್ಟಲು ಮುಳುಗಿದರೆ ದೋಣಿ ಬಿಡುವುದಿಲ್ಲವೆಂಬುದು ಅಜ್ಜನ ಕಾಲದ ಕಟ್ಟು. ರೈಗಳ ಕಣ್ಣಿಗೆ ಮೂರನೇ ಮೆಟ್ಟಲಿನ ಮೇಲೆ ಒಂದು ನಾಯಿ ಮಲಗಿದಂತೆ ಕಂಡಿತು. ಆದರೆ ಹೊಳೆಯ ವಿಷಯದಲ್ಲಿ ದೋಣಿಯವನ ಕಣ್ಣೇ ಕಣ್ಣು. ಅವರು ಬಂದರು ಹೋಟೆಲಿಗೆ ನಡೆದರು.

ಕಿಲೋ, ಲೀಟರುಗಳು ಬಂದು ಹದಿನೈದು ವರ್ಷ ದಾಟಿತ್ತು. ಬಡಗುಕಡವಿನ ಮಟ್ಟಿಗೆ ಲೀಟರು ಇದ್ದದ್ದು ಶಾಲೆಯ ಪುಸ್ತಕದಲ್ಲಿ. ಅಂಗಡಿಗಳಲ್ಲಿ ಇದ್ದದ್ದು ಕುಡ್ತೆ. ಹಾಲಿಗೂ ಎಣ್ಣೆಗೂ ಸಾರಾಯಿಗೂ ಅಂಗೈಯಲ್ಲಿ ಕೂರುವ ಅದೇ ಹಿತ್ತಾಳೆಯ ಪಾತ್ರೆ. ಒಡೆದ ಗ್ಲಾಸಿಗೆ ಎರಡು ಕುಡ್ತೆ ನೀರು ಹಿಡಿಯುತ್ತದೆಂದು ಹಿಂದೊಮ್ಮೆ ಯಾರೋ ಅಳೆದು ಹೇಳಿದ್ದರು. ಗ್ಲಾಸಿಗೆ ಇಪ್ಪತ್ತು ಮಿಲಿಮೀಟರು. ಹಾಗಾದರೆ ಒಂದು ಕುಡ್ತೆಗೆ ಹತ್ತು ಮಿಲಿಮೀಟರು ಮಳೆ. ಲೆಕ್ಕ ಸುಲಭವಿತ್ತು. ಕುಡ್ತೆ ಒಂದು ಸಿಕ್ಕಿದರೆ ಸಾಕಿತ್ತು.

ಆದರೆ ಕೇಳುವುದು ಸಮದನಲ್ಲಿ. ಬೀಡಿ ಹಚ್ಚಲು ಬೆಂಕಿಕಡ್ಡಿ ಕೇಳಿದರೆ ಒಲೆ ತೋರಿಸುವ ಮನುಷ್ಯ. ರೈಗಳು ಒಂದು ಚಹಾ ಕುಡಿದು, ಎರಡನೆಯದಕ್ಕೂ ಹೇಳಿ, ಆಮೇಲೆ ಮೆಲ್ಲಗೆ ವಿಷಯ ತೆಗೆದರು.

ಮಾತು ಮುಗಿಯುವ ಮೊದಲೇ ಸಮದ್ ಒಳಗೆ ಹೋಗಿ ಕುಡ್ತೆ ತಂದು ಅವರ ಕೈಯಲ್ಲಿಟ್ಟ.

“ತಕೊಂಡು ಹೋಗಿ ಮಾರಾಯ್ರೆ. ಊರಿನ ಮರ್ಯಾದೆ ಅಲ್ವಾ? ವಾಪಸು ಕೊಡ್ಲಿಕ್ಕೆ ಅರ್ಜೆಂಟಿಲ್ಲ. ನಾಳೆ ಕೊಟ್ರೂ ಸಾಕು. ನಾಡಿದ್ದು ಕೊಟ್ರೆ ಇನ್ನೂ ಒಳ್ಳೇದು.” ಎರಡು ಚಹಾದ ದುಡ್ಡನ್ನೂ ಅವನು ತೆಗೆದುಕೊಳ್ಳಲಿಲ್ಲ.

ರೈಗಳು ಕುಡ್ತೆಯನ್ನು ಕೊಡೆಯ ಅಡಿಗೆ ಹಿಡಿದು ಹೊರಟರು. ಮನುಷ್ಯರನ್ನು ನಾವು ಸುಮ್ಮನೆ ಅನುಮಾನಿಸುತ್ತೇವೆ ಎಂದುಕೊಂಡು ಮನೆಗೆ ಬಂದು ಅಳೆದರು. ಹನ್ನೆರಡು ಕುಡ್ತೆ. ನೂರ ಇಪ್ಪತ್ತು ಮಿಲಿಮೀಟರು. ನೀರನ್ನು ಒಂದು ಪಾತ್ರೆಗೆ ಹೊಯ್ದು, ಹನಿ ಚೆಲ್ಲದಂತೆ ಮತ್ತೆ ಬಾಲ್ದಿಗೆ ಹಾಕಿದರು.

ಅಷ್ಟರಲ್ಲಿ ಸಾರಾಯಿ ಗಡಂಗಿನ ಚೆನ್ನಪ್ಪ ಗೋಣಿ ಹೊದ್ದುಕೊಂಡು ಓಡಿ ಬಂದ. ಅವನ ಗಡಂಗು ಅವತ್ತು ಯಾಕೋ ತೆರೆದಿರಲಿಲ್ಲ.

“ಸಮದನ ಕುಡ್ತೆಯಲ್ಲಿ ಮಳೆ ಅಳೀತೀರಾ? ಅದು ಅವ ಹಾಲು ತಕೊಳ್ಳುವ ಕುಡ್ತೆ ಮಾರಾಯ್ರೆ! ಅದಕ್ಕೆ ಹೊಳೆಯೇ ಹಿಡೀತದೆ. ನನ್ನದರಲ್ಲಿ ಅಳೆದು ನೋಡಿ.”

ಚೆನ್ನಪ್ಪನದು ಗಿರಾಕಿಗೆ ಕೊಡುವ ಕುಡ್ತೆ. ಅದರ ತಳ ಒಳಕ್ಕೆ ಉಬ್ಬಿ, ಮೇಲಿನಿಂದ ಇಣುಕಿದರೆ ಬೋಳು ತಲೆಯ ಹಾಗೆ ಕಾಣುತ್ತಿತ್ತು. ಅದರಲ್ಲಿ ಹತ್ತೊಂಬತ್ತು ಬಂತು. ನೂರ ತೊಂಬತ್ತು ಮಿಲಿಮೀಟರು.

“ಇದು ಮಳೆ!” ಎಂದ ಚೆನ್ನಪ್ಪ. ಕುಡ್ತೆಯನ್ನು ಅಲ್ಲೇ ಬಿಟ್ಟು, ಹಿಂದೆ ನೋಡದೆ ಹೋದ.

ನೂರ ಇಪ್ಪತ್ತೋ, ನೂರ ತೊಂಬತ್ತೋ ಎಂದು ರೈಗಳು ತಲೆಗೆ ಕೈ ಹೊತ್ತು ಕೂತಾಗ ಸತ್ಯವತಿ ಅಮ್ಮ ಬಂದರು. ತೆಂಗಿನೆಣ್ಣೆ ಮಾರುವ ಈ ಹಿರಿಯರು ಸೊಂಟದ ನೋವೆಂದು ಎರಡು ವರ್ಷದಿಂದ ತಮ್ಮ ಗುಡ್ಡೆಯ ಮನೆಯಿಂದ ಇಳಿದವರಲ್ಲ. ಈಗ ಆ ಜಡಿಮಳೆಯಲ್ಲಿ ಇಳಿದು ಬಂದು, ಸೆರಗಿನಿಂದ ಎಣ್ಣೆಯ ಕುಡ್ತೆ ತೆಗೆದರು.

“ತ್ಯಾಂಪಣ್ಣ, ಬ್ಯಾರಿ ಸಮದನದ್ದೂ ಬೇಡ, ಗಡಂಗಿನದ್ದೂ ಬೇಡ. ಇದು ನನ್ನ ಅತ್ತೆಯ ಕಾಲದ್ದು. ಸುಳ್ಳು ಗೊತ್ತಿಲ್ಲದ ಕುಡ್ತೆ.”

“ನೀವು ಯಾಕೆ ಅಮ್ಮ ಈ ಮಳೆಗೆ? ಯಾರ ಹತ್ರವಾದ್ರೂ ಕಳಿಸಿದ್ರೆ ಆಗ್ತಿತ್ತಲ್ಲ.”

“ಸರಕಾರದ ಕೆಲಸಕ್ಕೆ ಸ್ವಂತ ಬರ್ಬೇಕು ಮಗಾ.”

ಸುಳ್ಳು ಗೊತ್ತಿಲ್ಲದ ಕುಡ್ತೆಯಲ್ಲಿ ಹದಿನೇಳು ಬಂತು. ನೂರ ಎಪ್ಪತ್ತು.

ಒಣಮೀನಿನ ಕಮಲಾವತಿ ಬಂದಾಗ ಹತ್ತು ಗಂಟೆ. ಅವಳು ತಂದದ್ದು ತಕ್ಕಡಿ ಮತ್ತು ಎರಡು ಕಬ್ಬಿಣದ ಕಲ್ಲು. ತೂಕ ಸರಿಮಾಡಲು ಅವುಗಳ ಅಡಿಯ ತೂತಿನೊಳಗೆ ತುಂಬಿದ್ದ ಸೀಸ ಯಾವ ಕಾಲದಲ್ಲೋ ಮಾಯವಾಗಿತ್ತು.

“ಅಳೆದು ಅಳೆದು ಯಾಕೆ ಸಾಯುದು ರೈಗಳೇ? ತೂಗಿ. ನೀರಿಗೂ ಭಾರ ಉಂಟಲ್ಲ?”

ರೈಗಳಿಗೆ ಕಣ್ಣಿನಲ್ಲಿ ನೀರೇ ಬಂತು. ಹನ್ನೊಂದು ವರ್ಷ ಮಳೆ ಅಳೆದಿದ್ದರು. ಊರು ತಮ್ಮನ್ನು ಇಷ್ಟು ಹಚ್ಚಿಕೊಂಡದ್ದು ಗೊತ್ತೇ ಇರಲಿಲ್ಲ. ಜಾತಿ, ಮತ, ಅಂಗಡಿ ಬೇರೆಯಾದರೂ ಕಷ್ಟಕ್ಕೆ ಊರು ಒಂದೇ ಎಂದು ಅವರು ಮೋಹಿನಿಗೆ ಹೇಳಿದರು. ಮೋಹಿನಿ ದನದ ಹಟ್ಟಿಗೆ ಸೊಪ್ಪು ಹಾಕಲು ಹೋದಳು. ಇಷ್ಟೊಂದು ಒಳ್ಳೆಯತನ ಒಂದೇ ಬೆಳಿಗ್ಗೆ ಬಂದದ್ದು ಅವಳಿಗೆ ಸರಿ ಕಾಣಲಿಲ್ಲ.

ಹನ್ನೊಂದು ಗಂಟೆಗೆ ಹೊಳೆ ಏಕಾಏಕಿ ಇಳಿಯಿತೆಂದು ಕಿಟ್ಟಣ್ಣ ದೋಣಿ ಬಿಟ್ಟ. ಅದರಲ್ಲಿ ಪ್ಯಾಂಟು ಮಡಚಿದ, ಮರದ ಪೆಟ್ಟಿಗೆ ಹಿಡಿದ ಒಬ್ಬರು ಬಂದಿಳಿದರು. ಕಟ್ಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದುವು. ಕಿಟ್ಟಣ್ಣನೇ ದಾರಿ ತೋರಿಸಿದ.

“ಪೋಸ್ಟ್ ಆಫೀಸಿನ ಜಗಲಿಯಲ್ಲಿ ಕೂತ್ಕೊಳ್ಳಿ ಸಾರ್. ಮಳೆ ಉಂಟಲ್ಲ.”

“ನಾನು ಉದಯಶಂಕರ. ಪುತ್ತೂರಿನಿಂದ ಬಂದದ್ದು, ಇನ್ಸ್‌ಪೆಕ್ಟರು,” ಎಂದರು ಬಂದವರು ಅಂಗಳದಿಂದಲೇ.

ರೈಗಳು ಗಡಿಬಿಡಿಯಲ್ಲಿ ಎದ್ದರು. ಮಳೆಯ ಆಫೀಸಿನ ಅಧಿಕಾರಿ, ಬಂದೇಬಿಟ್ಟರು! ಗ್ಲಾಸಿನ ಚೂರು ಇನ್ನೂ ಅಂಗಳದ ಮೂಲೆಯಲ್ಲಿತ್ತು. “ಬನ್ನಿ ಸಾರ್, ಬನ್ನಿ” ಎಂದವರೇ ಬೆಲ್ಲ, ನೀರು ತರಲು ಒಳಗೆ ಓಡಿದರು. ಹಿಂದೆ ಬರುವಾಗ ಇನ್ಸ್‌ಪೆಕ್ಟರು ಚೊಕ್ಕ ಕಾಲುಗಳನ್ನು ಜೋಡಿಸಿ ಬೆಂಚಿನಲ್ಲಿ ಕೂತು, ಜಗಲಿಯ ಸಾಮಾನುಗಳನ್ನು ಒಂದೊಂದಾಗಿ ನೋಡುತ್ತಿದ್ದರು.

“ಇದೆಲ್ಲ ಎಂತ?”

“ಅಳತೆಯ ಸಾಮಾನು ಸಾರ್.”

“ಯಾರದ್ದು?”

ಸಾಲ ತಂದದ್ದೆಂದರೆ ಸರಕಾರದ ಗ್ಲಾಸು ಎಲ್ಲಿ ಎಂದು ಕೇಳುತ್ತಾರೆ. ಗಡಂಗಿನದ್ದೆಂದರೆ ಡಬ್ಬಿ ಇವತ್ತೇ ಕೊಯಿಲಕ್ಕೆ. ರೈಗಳು ಎದೆ ಮುಂದೆ ಮಾಡಿ ಹೇಳಿದರು: “ಎಲ್ಲ ನನ್ನದೇ ಸಾರ್.”

“ಮೂರು ಕುಡ್ತೆ ಯಾಕೆ?”

“ಮೂರರಲ್ಲಿ ಮೂರು ಲೆಕ್ಕ ಬರ್ತದೆ ಸಾರ್.”

“ಅದು ನಿಮಗೆ ಗೊತ್ತುಂಟಾ?”

“ಗೊತ್ತಿಲ್ಲದೆ? ಇದರಲ್ಲಿ ಹನ್ನೆರಡು ಬಂದದ್ದು ಇದರಲ್ಲಿ ಹತ್ತೊಂಬತ್ತು ಬರ್ತದೆ. ಎಷ್ಟು ಬೇಕೋ ಅದಕ್ಕೆ ಸರಿಯಾದ ಕುಡ್ತೆ ತಕೊಂಡ್ರೆ ಆಯ್ತು.”

ಇನ್ಸ್‌ಪೆಕ್ಟರು ಪುಸ್ತಕ ತೆಗೆದು ಬರೆಯತೊಡಗಿದರು. ಇಷ್ಟು ಶ್ರದ್ಧೆಯಿಂದ ಕೇಳುವ ಅಧಿಕಾರಿಯನ್ನು ರೈಗಳು ಈ ಮೊದಲು ಕಂಡಿರಲಿಲ್ಲ.

“ಎಷ್ಟು ವರ್ಷದಿಂದ ಈ ಕೆಲಸ?”

“ಹನ್ನೊಂದು ವರ್ಷ ಸಾರ್. ಆದಿತ್ಯವಾರವೂ ಬಿಟ್ಟಿಲ್ಲ.”

“ಯಾರೂ ಕೇಳ್ಲಿಲ್ವಾ?”

“ಊರಿಗೆಲ್ಲ ಗೊತ್ತುಂಟು. ಹೆಚ್ಚು ತೋರಿಸಿದ್ರೆ ಎಲ್ಲರಿಗೂ ಸಂತೋಷ.”

ಇನ್ಸ್‌ಪೆಕ್ಟರು ಪೆನ್ನು ನಿಲ್ಲಿಸಿ ರೈಗಳ ಮುಖ ನೋಡಿದರು. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಅತ್ತವರನ್ನು, ಓಡಿದವರನ್ನು, ತಕ್ಕಡಿಯನ್ನು ಬಾವಿಗೆ ಹಾಕಿದವರನ್ನು ನೋಡಿದ್ದರು. ಬೆಲ್ಲ ಕೊಟ್ಟು ಹೇಳಿದವರನ್ನು ನೋಡಿರಲಿಲ್ಲ. ಅವರು ಪೆಟ್ಟಿಗೆ ತೆರೆದರು. ಒಳಗೆ ಸರಕಾರದ ಮುದ್ರೆಯಿದ್ದ ಹಿತ್ತಾಳೆಯ ಲೀಟರು, ಅರ್ಧ ಲೀಟರು, ಸಾಲಾಗಿ ತೂಕದ ಕಲ್ಲುಗಳು ಫಳಫಳ ಹೊಳೆದವು.

“ನಮಗೆ ಹೊಸತು ತಂದದ್ದಾ ಸಾರ್?” ಎಂದು ರೈಗಳು ಕೇಳಿದರು.

“ಅಲ್ಲ. ನಾನು ಅಂಗಡಿಗಳ ತೂಕ ಅಳತೆ ಪರೀಕ್ಷೆ ಮಾಡುವವ. ಇಬ್ಬರು ಪಂಚರನ್ನು ಕರೀರಿ. ಮಹಜರು ಮಾಡ್ಬೇಕು.”

ರೈಗಳಿಗೆ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಪಂಚರಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಸಮದ್, ಚೆನ್ನಪ್ಪ ಇಬ್ಬರೂ ಮಾಡಿನ ನೀರು ಬೀಳುವಲ್ಲಿ ಆಗಲೇ ನಿಂತಿದ್ದರು.

“ಈ ಸಾಮಾನು ಇವರದ್ದೇ ಅಂತ ನಿಮಗೆ ಗೊತ್ತುಂಟಾ?”

“ಅವರ ಜಗಲಿಯಲ್ಲೇ ಉಂಟಲ್ಲ ಸಾರ್,” ಎಂದ ಸಮದ್.

“ಬೆಳಿಗ್ಗೆಯಿಂದ ಇದರಲ್ಲೇ ಅಳೆಯುದು. ನಾನು ಕಣ್ಣಾರೆ ಕಂಡಿದ್ದೇನೆ,” ಎಂದ ಚೆನ್ನಪ್ಪ.

ಇಬ್ಬರೂ ಒಂದು ಸುಳ್ಳೂ ಹೇಳಲಿಲ್ಲ. ಸಮದ್ ಅರಬಿ ಅಕ್ಷರದಲ್ಲಿ ರುಜು ಹಾಕಿದ. ಚೆನ್ನಪ್ಪ ಹೆಬ್ಬೆಟ್ಟು ಒತ್ತಿದ.

“ಅಯ್ಯೋ ಸಾರ್, ಇದು ನನ್ನದಲ್ಲ! ಇದು ಸಮದಂದು, ಇದು ಚೆನ್ನಪ್ಪಂದು, ಇದು—”

“ಆಗ ಎಲ್ಲ ನನ್ನದೇ ಅಂದಿರಿ.” ಇನ್ಸ್‌ಪೆಕ್ಟರು ಪುಸ್ತಕ ತಿರುಗಿಸಿ ತೋರಿಸಿದರು. “ಹೆಚ್ಚು ತೋರಿಸಿದರೆ ಎಲ್ಲರಿಗೂ ಸಂತೋಷ ಅಂತಲೂ ಹೇಳಿದ್ದೀರಿ.”

“ಅದು ಮಳೆ ಸಾರ್! ನಾನು ಅಳೆಯುದು ಮಳೆ!”

ರೈಗಳು ಅಂಗಳದ ಡಬ್ಬಿ ತೋರಿಸಿದರು, ಗ್ಲಾಸಿನ ಚೂರು ತೋರಿಸಿದರು, ಜಾರಿದ ಮುಂಡಿನ ಕತೆಯನ್ನೂ ಬಿಡದೆ ಹೇಳಿದರು. ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. ಕೇಳಿ ಮರುಗಿದರು. ಆದರೆ ಬರೆದದ್ದು ಬರೆದಾಗಿತ್ತು, ಪಂಚರ ರುಜುವೂ ಬಿದ್ದಿತ್ತು. ಕೇಸಾದರೆ ಪುತ್ತೂರಿನ ಕೋರ್ಟಿಗೆ ಹತ್ತು ಸಲ ಓಡಾಡಬೇಕು. ಈಗಲೇ ಒಪ್ಪಿದರೆ ದಂಡ ಮೂವತ್ತು ರೂಪಾಯಿ ಮಾತ್ರ. ರೈಗಳು ಅಕ್ಕಿಯ ಡಬ್ಬಿಯಿಂದ ಮೂವತ್ತು ರೂಪಾಯಿ ತಂದು ಕೊಟ್ಟರು. ಕುಡ್ತೆ, ತಕ್ಕಡಿ, ಕಲ್ಲು ಎಲ್ಲವೂ ಗೋಣಿಗೆ ಹೋದವು. ಗೋಣಿಯ ಬಾಯಿಗೆ ಮುದ್ರೆ ಒತ್ತಲು ಅರಗು ಬೇಕಾಯಿತು. ಅದನ್ನು ಪೋಸ್ಟ್ ಆಫೀಸಿನಿಂದ ರೈಗಳೇ ಕೊಟ್ಟರು.

ಆಗ ಹನ್ನೆರಡಕ್ಕೆ ಹತ್ತು ನಿಮಿಷ. ಇನ್ಸ್‌ಪೆಕ್ಟರು ಹೇಳಿದರು: “ನಿಮ್ಮ ಮಳೆ ತನ್ನಿ. ನನ್ನ ಲೀಟರಿನಲ್ಲಿ ಅಳೆದುಕೊಡ್ತೇನೆ. ಈ ತಾಲೂಕಿನಲ್ಲಿ ಇದಕ್ಕಿಂತ ಸರಿಯಾದ ಅಳತೆ ಇಲ್ಲ. ಲೀಟರಿಗೆ ಎಷ್ಟು ಮಿಲಿಮೀಟರು ಅಂತ ನಿಮ್ಮ ಡಬ್ಬಿಯ ಬಾಯಿ ನೋಡಿ ಲೆಕ್ಕ ಹಾಕುವ.”

ರೈಗಳಿಗೆ ಹೋದ ಜೀವ ಬಂತು. ದಂಡ ಹೋದರೆ ಹೋಗಲಿ, ಡಬ್ಬಿ ಉಳಿಯಿತು. ಅವರು ಜಗಲಿಯ ಅಂಚಿಗೆ ಓಡಿದರು.

ಬಾಲ್ದಿ ಖಾಲಿಯಾಗಿತ್ತು.

“ಅದಾ?” ಎಂದರು ಇನ್ಸ್‌ಪೆಕ್ಟರು ತಮ್ಮ ಚೊಕ್ಕ ಕಾಲುಗಳನ್ನು ನೋಡುತ್ತ. “ಜಗಲಿಯ ಬದಿಯಲ್ಲಿ ನೀರು ಇಡುದು ಬಂದವರಿಗೆ ಕಾಲು ತೊಳೀಲಿಕ್ಕಲ್ವಾ?”

ಆ ಸೀಮೆಯಲ್ಲಿ ಅದು ಹಾಗೆಯೇ. ಯಾರನ್ನೂ ದೂರುವಂತಿರಲಿಲ್ಲ.

ಹಟ್ಟಿಯಿಂದ ಬಂದ ಮೋಹಿನಿ ವಿಷಯ ಕೇಳಿ ಹೇಳಿದಳು: “ಚೆನ್ನಪ್ಪನ ಕುಡ್ತೆಯಲ್ಲಿ ಹತ್ತೊಂಬತ್ತು ಬಂದದ್ದಲ್ವಾ? ಬಾವಿ ನೀರನ್ನೇ ಹತ್ತೊಂಬತ್ತು ಕುಡ್ತೆ ಹಾಕಿ, ಲೀಟರಿನಲ್ಲಿ ಅಳೆದ್ರೆ ಅಷ್ಟೇ ಬರ್ತದಲ್ಲ?”

ಎಲ್ಲರೂ ಅವಳ ಬುದ್ಧಿಯನ್ನು ಮೆಚ್ಚಿದರು. ಇನ್ಸ್‌ಪೆಕ್ಟರು ಗೋಣಿಯ ಬಾಯಿ ಮುಟ್ಟಿ ನೋಡಿದರು. ಪೋಸ್ಟ್ ಆಫೀಸಿನ ಅರಗು ಗಟ್ಟಿಯಾಗಿ ಹಿಡಿದಿತ್ತು.

“ಮುದ್ರೆ ಆದ ಮೇಲೆ ನಾನೂ ಬಿಚ್ಚುವ ಹಾಗಿಲ್ಲಮ್ಮ,” ಎಂದರು ಅವರು, ನಿಜವಾದ ಬೇಸರದಿಂದ.

ರೈಗಳು ಕಾರ್ಡಿನಲ್ಲಿ ‘ಮಳೆ ಬಂದಿದೆ. ಅಳತೆ ಇಲ್ಲ’ ಎಂದು ಬರೆದು ಚೀಲಕ್ಕೆ ಹಾಕಿದರು. ಚೀಲ ಒಯ್ಯಲು ಬಂದ ಕಿಟ್ಟಣ್ಣ, ಇನ್ಸ್‌ಪೆಕ್ಟರು ಗೋಣಿ ಹೊರಿಸಿಕೊಂಡು ಮುಂದೆ ಹೋಗುವ ತನಕ ತಡೆದು ನಿಂತ.

“ಬೇಸರ ಮಾಡ್ಬೇಡಿ ರೈಗಳೇ. ನಾನು ನನ್ನಿಂದ ಆದದ್ದು ಮಾಡಿದ್ದೇನೆ. ಈ ಸಾಹೇಬ್ರು ನಿನ್ನೆ ಕಡಬದ ಅಂಗಡಿಗಳ ಅಳತೆ ಪರೀಕ್ಷೆ ಮಾಡಿದ್ದಾರೆ, ಇವತ್ತು ಇಲ್ಲಿಗೇ ಬರುದು ಅಂತ ಏಳೂವರೆ ಬಸ್ಸಿನ ಕಂಡಕ್ಟರ್ ಹೇಳಿ ಹೋದ. ನಾನು ಆಗಲೇ ಅಂಗಡಿ ಅಂಗಡಿಗೆ ಹೋಗಿ ಹೇಳಿ ಬಂದೆ. ಜನಕ್ಕೆ ಪುರುಸೊತ್ತು ಬೇಕಲ್ಲ ಅಂತ ದೋಣಿಯನ್ನೂ ತಡ ಮಾಡಿದೆ.”

“ಹಾಗಾದ್ರೆ ಮೂರನೇ ಮೆಟ್ಟಲು?”

“ಅಲ್ಲಿಗೆ ಹೊಳೆ ಹತ್ತಲೇ ಇಲ್ಲ.”

ರೈಗಳು ಚೀಲದ ಬಾಯಿ ಕಟ್ಟಿ ಅವನ ಕೈಗೆ ಕೊಟ್ಟರು. ಆಮೇಲೆ ಕೇಳಿದರು: “ಊರಿಗೆಲ್ಲ ಹೇಳಿದವ ನನಗೆ ಯಾಕೆ ಹೇಳ್ಲಿಲ್ಲ ಮಾರಾಯ?”

ಕಿಟ್ಟಣ್ಣನಿಗೆ ಆಶ್ಚರ್ಯವಾಯಿತು.

“ನಿಮ್ಮಲ್ಲಿ ಕುಡ್ತೆ ಇಲ್ಲವಲ್ಲ ರೈಗಳೇ!”

ಶುಕ್ರವಾರದ ಪೇಪರಿನಲ್ಲಿ ಗುಂಡ್ಯ ನೂರ ನಲವತ್ತೆಂಟು ಎಂದಿತ್ತು. ಬಡಗುಕಡವಿನ ಮುಂದೆ ಸೊನ್ನೆ ಇತ್ತು. ಬಂದರು ಹೋಟೆಲಿನಲ್ಲಿ ಅವತ್ತು ಯಾರೂ ರೈಗಳ ಹತ್ತಿರ ಮಾತಾಡಲಿಲ್ಲ. ಸತ್ಯವತಿ ಅಮ್ಮ ಮಾತ್ರ, ಅತ್ತೆಯ ಕಾಲದ ಕುಡ್ತೆಯನ್ನು ಯಾವಾಗ ವಾಪಸು ಕೊಡುತ್ತೀರಿ ಎಂದು ಗುಡ್ಡೆಯ ಮೇಲಿನಿಂದ ಎರಡು ಸಲ ಹೇಳಿ ಕಳಿಸಿದರು. ತಿಂಗಳ ಕೊನೆಗೆ ಮಳೆಯ ಡಬ್ಬಿ ಕಿಟ್ಟಣ್ಣನ ದೋಣಿಯಲ್ಲೇ ಹೊಳೆ ದಾಟಿ ಕೊಯಿಲಕ್ಕೆ ಹೋಯಿತು. ಅದಕ್ಕೆ ಅವನು ಇಬ್ಬರ ಬಾಡಿಗೆ ಹಿಡಿದ.

ತ್ಯಾಂಪಣ್ಣ ರೈಗಳು ಕಳಕೊಂಡದ್ದು ದಂಡದ ಮೂವತ್ತು ರೂಪಾಯಿ, ಗ್ಲಾಸಿನ ಹನ್ನೆರಡು, ಮತ್ತು ತಿಂಗಳು ತಿಂಗಳು ಬರುತ್ತಿದ್ದ ಹತ್ತು. ಉಳಿದದ್ದು ಕೊಡೆ. ಊರಿನ ಅಂಗಡಿಗಳಿಗೆಲ್ಲ ಮುದ್ರೆಯ ಹೊಸ ಅಳತೆ ಬಂತು, ಕ್ರಯವೂ ಅದಕ್ಕೆ ಸರಿಯಾಗಿ ಏರಿತು. ಎಣ್ಣೆ ಮೊದಲಿಗಿಂತ ಒಂದಿಷ್ಟು ಹೆಚ್ಚು ಸಿಗುತ್ತದೆಂದು ಮೋಹಿನಿ ಹೇಳುತ್ತಾಳೆ. ಎಷ್ಟು ಹೆಚ್ಚು ಎಂದು ಗೊತ್ತಿಲ್ಲ. ತಾಳೆ ನೋಡಲು ಊರಿನಲ್ಲಿ ಹಳೆಯ ಕುಡ್ತೆ ಒಂದೂ ಇಲ್ಲ.